ಬಂದ ಉದ್ದೇಶ

ಇಸ್ತಾಂಬುಲ್ ಪ್ರವಾಸದ ಬಣ್ಣದ ಹಾಳೆ ಹಿಡಿದು
ಅವ್ವನ ಮುಂದೆ ಕೂತಿದ್ದೆ.
ಅಲ್ಲಿ ಎಂತ ಉಂಟು? ಕೇಳಿದಳು, ಅವರೆ ಬಿಡಿಸುತ್ತ.
ಕೋಟೆ ಉಂಟು, ಅರಮನೆ ಉಂಟು,
ರಾಜರ ಗೋರಿ, ಅದರ ಮೇಲೆ ಗುಮ್ಮಟ,
ಸಂಜೆ ಎತ್ತರದಲ್ಲಿ ಕೂತರೆ ಹೊತ್ತು ಮುಳುಗುವುದು ಕಾಣುತ್ತದೆ.
ಇಷ್ಟೇಯಾ? ಎಂದಳು.
ಅದಿಷ್ಟೂ ಮಡಿಕೇರಿಯಲ್ಲೇ ಉಂಟಲ್ಲ.
ಅದನ್ನೇ ನಾನಿನ್ನೂ ನೋಡಲಿಲ್ಲ.

ಇಪ್ಪತ್ತೇಳು ವರ್ಷ
ಮಾದಾಪುರದಿಂದ ಏಳೂ ಮುಕ್ಕಾಲರ ಬಸ್ಸು ಹತ್ತಿದವಳು,
ಕೋಟೆಯೊಳಗಿನ ಕೋರ್ಟಿನ ಜಗಲಿಯಲ್ಲಿ ನಿಂತು
ವಾದಿ ಪ್ರತಿವಾದಿಗಳ ಹೆಸರು
ಮೂರು ಮೂರು ಸಲ ಕೂಗಿದವಳು,
ಐದೂಕಾಲರ ಕೊನೆ ಬಸ್ಸಿಗೆ
ಚಪ್ಪಲಿ ಕೈಯಲ್ಲಿ ಹಿಡಿದು ಓಡಿದವಳು.

ಹಾಗಾಗಿ ಡಿಸೆಂಬರಿನ ಒಂದು ಶನಿವಾರ
ಕಾಲೇಜು ರಸ್ತೆಯ ಲಾಡ್ಜಿನಲ್ಲಿ
ಆಧಾರ್ ಕಾರ್ಡು ಕೊಟ್ಟು ನಿಂತೆವು.
ದಪ್ಪ ರಿಜಿಸ್ಟರಿನಲ್ಲಿ ಹೆಸರು: ಪೂವಮ್ಮ. ವಯಸ್ಸು: ಅರವತ್ತೆಂಟು.
ಕೊನೆಯ ಖಾನೆ: ಬಂದ ಉದ್ದೇಶ.
ಮದುವೆಯಾ, ಆಸ್ಪತ್ರೆಯಾ? ಹುಡುಗ ತಲೆಯೆತ್ತದೆ ಕೇಳಿದ.
ಅವ್ವ ಪೆನ್ನು ಕಸಿದುಕೊಂಡಳು.
‘ನೋಡಲು’ ಎಂದು ಬರೆದಳು.
ಏನನ್ನು ಎಂದು ಬರೆಯಲಿಲ್ಲ.

ಕೋಟೆ ಬಾಗಿಲು ದಾಟಿದ್ದೇ
ಕಾಲು ತಾನಾಗಿ ರೆಕಾರ್ಡ್ ರೂಮಿನ ಕಡೆ ತಿರುಗಿತು.
ಸೆರಗು ಹಿಡಿದು ಎಳೆದೆ.
ಗಾರೆಯ ಆನೆಗಳ ಮುಂದೆ
ಗೈಡೊಬ್ಬ ರಾಜನ ಕೋಪದ ಕತೆ ಹೇಳುತ್ತಿದ್ದ.
ಅವ್ವ ನನ್ನ ಕಿವಿಗೆ ಬಂದು:
ಆ ಸೊಂಡಿಲಿಗೇ ನಾವು ಕೊಡೆ ತೂಗುಹಾಕುತ್ತಿದ್ದದ್ದು,
ಜುಲೈಯಲ್ಲಿ ಎಂಟು ಕೊಡೆ, ಅದೂ ಹೊರಲಾರದೆ ಹೊರುತ್ತಿತ್ತು.

ಬಿಳಿಯ ಹೆಂಗಸೊಬ್ಬಳು ಕ್ಯಾಮೆರಾ ನನ್ನ ಕೈಗಿತ್ತು
ಅವ್ವನ ಹೆಗಲ ಮೇಲೆ ಕೈಹಾಕಿ ನಿಂತಳು.
ನೀವೂ ಹೊರಗಿನವರಾ? ಕೇಳಿದಳಂತೆ.
ಯೆಸ್ ಯೆಸ್, ಅಂದಳು ನಮ್ಮವ್ವ,
ಕ್ಲಾಸಿಗೆ ಚಕ್ಕರ್ ಹೊಡೆದ ಹುಡುಗಿಯ ಹಾಗೆ.

ಕೋರ್ಟು ಹೊಸ ಕಟ್ಟಡಕ್ಕೆ ಹೋಗಿ ಎಷ್ಟೋ ಕಾಲ.
ಬಾಗಿಲಿಗೆ ಬೀಗ. ಗಾಜಿಗೆ ಹಣೆ ತಾಗಿಸಿ ನೋಡಿದಳು.
ಆಮೇಲೆ ಹಿಂದೆ ಸರಿದು, ಗಂಟಲು ಸರಿಮಾಡಿ
ಕೂಗಿಯೇ ಬಿಟ್ಟಳು:
ಕುಂಜಿಲನ ಮೊಣ್ಣಪ್ಪ! ಕುಂಜಿಲನ ಮೊಣ್ಣಪ್ಪ! ಕುಂಜಿಲನ ಮೊಣ್ಣಪ್ಪ!
ಪಾರಿವಾಳ ಎದ್ದವು. ಗೈಡಿನ ಕತೆಯಲ್ಲಿ ರಾಜ
ಎತ್ತಿದ ಕತ್ತಿ ಎತ್ತಿದ ಹಾಗೇ ನಿಂತ.
ಯಾರವ್ವ ಅದು?
ಗದ್ದೆ ಬದುವಿನ ತಕರಾರು. ಹನ್ನೊಂದು ವರ್ಷ
ಆ ಮನುಷ್ಯ ಒಂದು ವಾಯಿದೆಗೂ ಬರಲಿಲ್ಲ.
ಕೂಗುವುದು ನನ್ನ ಕೆಲಸ,
ಬರುವುದು ಬಿಡುವುದು ಅವನದ್ದು.

ಗದ್ದಿಗೆಯಲ್ಲಿ ಗುಮ್ಮಟದ ಕೆಳಗೆ
ಕತ್ತು ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ನಿಂತಳು.
ನಿನ್ನ ಇಸ್ತಾಂಬುಲಿನದ್ದು ಇದಕ್ಕಿಂತ ದೊಡ್ಡದಾ?
ತುಂಬ ದೊಡ್ಡದು.
ಗುಡಿಸುವವರು ಎಷ್ಟು ಜನ?
ಹಾಳೆಯಲ್ಲಿ ಅದು ಇರಲಿಲ್ಲ.

ರಾಜಾಸೀಟಿನಲ್ಲಿ ಮಂಜು.
ಕಣಿವೆ ಇದ್ದ ಕಡೆ ಬರೀ ಬಿಳುಪು.
ಕಲ್ಲುಬೆಂಚಿನಲ್ಲಿ ಕೂತವಳು
ಐದು ಗಂಟೆಯಾಗುತ್ತಲೇ ಚಡಪಡಿಸಿದಳು,
ಪರ್ಸಿನ ಜಿಪ್ಪು ಎಳೆದಳು, ಚಿಲ್ಲರೆ ಎಣಿಸಿದಳು,
ಐದೂಹತ್ತಕ್ಕೆ ಎದ್ದೇ ನಿಂತಳು.
ನಾನು ಏನೂ ಹೇಳಲಿಲ್ಲ.
ಕೆಳಗೆ ಪೇಟೆಯಲ್ಲೆಲ್ಲೋ ಒಂದು ಹಾರ್ನು,
ಅದೇ ಬಸ್ಸೋ, ಬೇರೆಯದೋ.
ಹೋಯ್ತು, ಎಂದಳು.
ಚಿಲ್ಲರೆ ಒಳಗೆ ಹಾಕಿ
ಮೆಲ್ಲಗೆ ಕೂತಳು, ಚಪ್ಪಲಿ ಬಿಟ್ಟು, ಕಾಲು ಮಡಚಿ.

ಸೂರ್ಯ ಕಾಣಲಿಲ್ಲ.
ಮಂಜಿನ ಒಂದು ಮೂಲೆ ಸ್ವಲ್ಪ ಕೆಂಪಗಾಯಿತು,
ಎಲ್ಲರೂ ಅತ್ತ ಮೊಬೈಲು ಹಿಡಿದರು.
ಅವ್ವ ಕಡಲೆಕಾಯಿಯ ಪೊಟ್ಟಣ ಬಿಚ್ಚಿ
ಬಸ್ಸಿನಲ್ಲಿ ತಿನ್ನುವಷ್ಟು ಬೇಗ ತಿನ್ನದೆ
ಒಂದೊಂದೇ ಒಡೆಯುತ್ತ
ನಾಳೆ ಎಂತ ನೋಡುವುದು? ಎಂದಳು.